ನನ್ನದಲ್ಲದ ಹೆಬ್ಬೆಟ್ಟು, ನಿಮ್ಮದಲ್ಲದ ಕಲ್ಲು

ನಮ್ಮ ಪಟ್ಟಣದ ಪುರಸಭೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ಸರ್ಕಾರದ ಅನುದಾನದಿಂದ ನೀವು ನಡೆಸಿದ ಮೂರು ದಿನದ ‘ಪೇಟೆ ಬೀದಿ ಖರೀದಿ ಹಬ್ಬ’ದ ಕಡತದಲ್ಲಿ, ಹದಿನೇಳನೆಯ ಹಾಳೆಯಲ್ಲಿ, ನನ್ನ ಹೆಸರಿನ ಎದುರು ಒಂದು ಹೆಬ್ಬೆಟ್ಟಿನ ಗುರುತಿದೆ. ನನ್ನ ಬಳೆ ಅಂಗಡಿಯ ಮುಂದಿನ ಜಗಲಿಯನ್ನು ಹಬ್ಬಕ್ಕಾಗಿ ತೆರವು ಮಾಡಲು ನಾನು ಸಂತೋಷದಿಂದ ಒಪ್ಪಿದ್ದೇನೆ ಎಂದು ಆ ಹಾಳೆ ಹೇಳುತ್ತದೆ. ನಾನು ಒಪ್ಪಿಲ್ಲ. ಸಂತೋಷದ ಮಾತಂತೂ ದೂರವೇ ಉಳಿಯಿತು. ಆ ಹೆಬ್ಬೆಟ್ಟು ನನ್ನದಲ್ಲ. ಅದರ ಬಲದಿಂದ ನೀವು ಕಿತ್ತುಕೊಂಡು ಹೋದ ಜಗಲಿ ಕಲ್ಲು ಈಗ ಎಲ್ಲಿದೆ ಎಂಬುದೂ ನನಗೆ ಗೊತ್ತು. ಇದನ್ನು ಹೇಳಲು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿರುವವರೂ ಪತ್ರಿಕೆ ಓದುತ್ತಾರೆ.

ನನ್ನ ಹೆಸರು ಜೈನಾಬ್ ಬೀ. ವಯಸ್ಸು ಅರವತ್ತೆಂಟು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಬಸ್ಸು ನಿಂತು ಹೋಗುವ ನಮ್ಮ ಪೇಟೆಯಲ್ಲಿ ಬಳೆ ಬೂಬಮ್ಮ ಎಂದರೆ ಯಾರು ಬೇಕಾದರೂ ಅಂಗಡಿ ತೋರಿಸುತ್ತಾರೆ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ತಪ್ಪು ಮಾಡಿದ್ದು ಊರಲ್ಲ, ಅದರ ಹೆಸರು ಯಾಕೆ ಕೆಡಬೇಕು? ಸರ್ಕಾರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು ನಾನು. ಕನ್ನಡದಲ್ಲಿ ನೂರಕ್ಕೆ ಎಪ್ಪತ್ತೊಂಬತ್ತು. ಆ ಅಂಕಪಟ್ಟಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೇನೆ. ನಿಮ್ಮ ಕಚೇರಿಯಿಂದ ಯಾರಾದರೂ ಒಂದು ಸಲ ಒಳಗೆ ತಲೆ ಹಾಕಿ ನೋಡಿದ್ದರೂ ಸಾಕಿತ್ತು, ಹೆಬ್ಬೆಟ್ಟಿನ ಯೋಚನೆಯೇ ಬರುತ್ತಿರಲಿಲ್ಲ.

ಜಗಲಿ ಎಂದರೆ ನೀವು ಬಿಸಿಲಿಗೆ ಬಿದ್ದ ಒಂದು ಕಲ್ಲು ಎಂದುಕೊಂಡಿದ್ದೀರಿ. ನಮ್ಮ ಅಂಗಡಿಯ ನೆಲ ಬೀದಿಯಿಂದ ಸೊಂಟದೆತ್ತರ. ನಾನು ಒಳಗೆ ಅಂಚಿನಲ್ಲಿ ಕೂರುತ್ತೇನೆ. ಬಳೆ ತೊಡಿಸಿಕೊಳ್ಳುವವಳು ಜಗಲಿಯ ಮೇಲೆ ಕೂತರೆ ಅವಳ ಕೈ ಸರಿಯಾಗಿ ನನ್ನ ಮಡಿಲಿಗೆ ಬರುತ್ತದೆ. ಆಗ ಕೈ ಸಡಿಲ ಬಿಡುತ್ತಾಳೆ, ಹೆಬ್ಬೆರಳ ಬುಡ ಒತ್ತಿ ಹಿಡಿದರೆ ಗಾಜಿನ ಬಳೆ ತಾನಾಗಿ ಇಳಿಯುತ್ತದೆ. ನಿಂತವಳ ಕೈ ಬಿಗಿದಿರುತ್ತದೆ, ಬಳೆ ಚೂರಾಗುತ್ತದೆ, ರಕ್ತ ಬರುತ್ತದೆ. ನಿಂತವರಿಗೆ ಬಳೆ ತೊಡಿಸುವುದಿಲ್ಲ ಎಂಬುದು ನಮ್ಮ ಅತ್ತೆಯ ಕಾಲದಿಂದ ಈ ಅಂಗಡಿಯ ಕಟ್ಟುಪಾಡು. ಆರಡಿ ಉದ್ದದ ಒಂದೇ ಕಲ್ಲು ಅದು. ಒಂದು ಮೂಲೆಯಲ್ಲಿ ಚೌಕಾಬಾರದ ಮನೆ ಕೆತ್ತಿದೆ. ಸುತ್ತಲ ಹಳ್ಳಿಗಳಾದ ಹೊಳಲಿನವರು, ಕೊತ್ತತ್ತಿಯವರು ಬಸ್ಸಿಗೆ ಹೊತ್ತಿದ್ದರೆ ಹುಣಸೆ ಬೀಜ ಹಾಕಿ ಆಡುತ್ತ ಕೂತಿರುತ್ತಿದ್ದರು.

ಮೂವತ್ತು ವರ್ಷದ ಹಿಂದೆ ಊರೂರಲ್ಲಿ ಅಕ್ಷರ ಕಲಿಸುವ ಗಾಳಿ ಬೀಸಿದಾಗ, ಅದೇ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೆಂಗಸರಿಗೆ ಸಹಿ ಮಾಡುವುದನ್ನು ಕಲಿಸಿದವಳು ನಾನು. ಬಳೆ ಕೊಳ್ಳಲು ಬಂದವರು ಹೆಸರು ಬರೆಯಲು ಕಲಿತು ಹೋಗುತ್ತಿದ್ದರು. ಕೊತ್ತತ್ತಿಯ ಬೆಳ್ಳಮ್ಮ ನಾಲ್ಕು ಸಲ ಅಳಿಸಿ ಬರೆದು ಸೀಮೆಸುಣ್ಣ ಎಸೆದಿದ್ದಳು. “ನಿಮ್ಮೆಸ್ರು ಸಲೀಸು ಬುಡಿ ಬೂಬಮ್ಮ. ನಮ್ಮಪ್ಪ ನಂಗೆ ಎಲ್ಡೆಲ್ಡು ಒತ್ತಕ್ಸರ ಇರೋ ಎಸ್ರು ಮಡಗವ್ನೆ. ಒತ್ತಿಲ್ದಿರೋದು ಒಂದೂ ಸಿಗ್ನಿಲ್ವಾ ಅವ್ನಿಗೆ?” ಅಂದಳು. “ಬರಿಯಮ್ಮಿ ಸುಮ್ನೆ, ನಿಮ್ಮಪ್ಪನ್ನ ಆಮೇಲೆ ಬಯ್ಯೋವಂತೆ” ಅಂದೆ. ಐದನೆಯ ಸಲಕ್ಕೆ ಬರೆದಳು. ಅವತ್ತಿನಿಂದ ಇವತ್ತಿನವರೆಗೆ ಬೆಳ್ಳಮ್ಮ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ. ಅಂಥವಳಿಗೆ ಸಹಿ ಕಲಿಸಿದ ನನ್ನನ್ನು ನೀವು ಹೆಬ್ಬೆಟ್ಟು ಮಾಡಿದಿರಿ. ಕಲಿಸಿದ ಕಲ್ಲನ್ನೇ ಆ ಹೆಬ್ಬೆಟ್ಟಿನಿಂದ ಎತ್ತಿಸಿದಿರಿ.

ಹಬ್ಬದ ವಿಷಯಕ್ಕೆ ಬರುತ್ತೇನೆ. ಪೇಟೆಯ ವ್ಯಾಪಾರ ಬೆಳೆಸಲು ಅನುದಾನ ತಂದಿರೆಂದು ಕಮಾನು ಕಟ್ಟಿಸಿದಿರಿ. ನೂರು ವರ್ಷದಿಂದ ಕೊಂಡು ಮಾರಿ ಬದುಕಿರುವ ಬೀದಿಗೆ ಖರೀದಿ ಮಾಡುವುದನ್ನು ಕಲಿಸಲು ಬಂದಿರಿ, ಒಳ್ಳೆಯದು. ಅನುದಾನ ಎಷ್ಟು, ಯಾರ ಪಾಲಿಗೆ ಎಷ್ಟು ಹೋಯಿತು ಎಂದು ಬೇರೆಯವರು ಕೇಳಲಿ, ನಾನು ಕೇಳುವುದಿಲ್ಲ. ನನ್ನ ಮಾತು ಒಂದೇ. ಬೀದಿಯ ವರ್ತಕರು ತಾವಾಗಿಯೇ ಒಪ್ಪಿ ಅಂಗಡಿ ಮುಂದಿನ ಜಾಗ ಬಿಟ್ಟುಕೊಟ್ಟರೆ ಮಾತ್ರ ಅನುದಾನ ಎಂಬ ನಿಯಮವಿತ್ತಂತೆ. ನನ್ನ ಜಗಲಿ ಒತ್ತುವರಿಯಾಗಿದ್ದರೆ ನೀವು ನೋಟಿಸು ಕೊಟ್ಟೇ ಒಡೆಯುತ್ತಿದ್ದಿರಿ, ಒಪ್ಪಿಗೆಯ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ನನ್ನ ಅಂಗಡಿಯ ಖಾತೆಯಲ್ಲಿ ಜಗಲಿಯ ಅಳತೆಯೂ ಸೇರಿದೆ, ಅದರ ಮೇಲೆ ನಿಮ್ಮದೇ ಕಚೇರಿಯ ಮೊಹರಿದೆ. ಅದಕ್ಕೇ ಒಪ್ಪಿಗೆ ಬೇಕಾಯಿತು. ಕೇಳಿದರೆ ನಾನು ಕೊಡುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಉಳಿದ ಇಪ್ಪತ್ತೆರಡು ಅಂಗಡಿಯವರದು ಸಹಿ, ನನ್ನ ಹೆಸರಿಗೆ ಮಾತ್ರ ಹೆಬ್ಬೆಟ್ಟು. ಮುದುಕಿ, ಬಳೆ ಮಾರುವವಳು, ತಲೆಯ ಮೇಲೆ ಸೆರಗು, ಇವಳಿಗೆಲ್ಲಿ ಸಹಿ ಬರುತ್ತದೆ ಎಂದುಕೊಂಡಿರಿ. ಅಷ್ಟೇ ಅಲ್ಲವೇ?

ಜಗಲಿ ಕಿತ್ತ ದಿನ ನಾನು ಅಂಗಡಿಯಲ್ಲಿರಲಿಲ್ಲ. ಪೂರಿಗಾಲಿಯ ಮಲ್ಲಿಗಮ್ಮನವರ ಮೊಮ್ಮಗಳು ರೂಪಳ ಮದುವೆಗೆ ಬಳೆ ತೊಡಿಸಲು ಹೋಗಿದ್ದೆ. ಆ ಮನೆಯ ಹೆಣ್ಣುಮಕ್ಕಳಿಗೆ ಮೂರು ತಲೆಮಾರಿನಿಂದ ನಮ್ಮವರೇ ಬಳೆ ತೊಡಿಸುವುದು. ಸಂಜೆ ಬಸ್ಸಿಳಿದು ಬಂದರೆ ಜಗಲಿಯ ಜಾಗದಲ್ಲಿ ಮಣ್ಣು. ಪಕ್ಕದ ಹಗ್ಗದ ಅಂಗಡಿಯ ಕೆಂಪರಾಜು ಓಡಿ ಬಂದ. “ನಾ ಅಡ್ಡ ನಿಂತೆ ಕಣವ್ವ. ಆರ್ಡ್ರು ಅದೆ, ನೀ ಸುಮ್ಕೆ ಅಗ್ಗ ಮಾರ್ಕೊ ಓಗ್ಲಾ ಅಂದ್ರು” ಅಂದ. ಮಾರನೆಯ ದಿನ ಅದೇ ಜಾಗದಲ್ಲಿ ಏನು ನಿಲ್ಲಿಸಿದಿರಿ? ಥರ್ಮಾಕೋಲಿನ ಎಂಟಡಿ ಬಳೆ! ಜನ ಅದರೊಳಗೆ ನಿಂತು ಸೆಲ್ಫಿ ತೆಗೆದುಕೊಂಡರು. ಕೆಳಗೆ ‘ನಮ್ಮ ಪರಂಪರೆ’ ಎಂದು ಬರೆಸಿದ್ದಿರಿ. ಪರಂಪರೆ ಮೂರನೆಯ ದಿನದ ಗಾಳಿಗೆ ಮುರಿದುಬಿತ್ತು.

ಎರಡನೆಯ ದಿನ ಸಂಜೆ ಹಿರಿಯ ಮಹಿಳಾ ವರ್ತಕಿ ಎಂದು ನನ್ನನ್ನು ವೇದಿಕೆಗೆ ಕರೆಸಿ ಸನ್ಮಾನ ಮಾಡಿದಿರಿ. ನಾನು ಬಂದದ್ದು ಶಾಲಿಗಲ್ಲ, ಮೈಕಿಗೆ. ನನ್ನ ಕಲ್ಲೆಲ್ಲಿ ಎಂದು ಎಲ್ಲರೆದುರು ಕೇಳಬೇಕೆಂದು ಬಂದೆ. ಬಾಯಿ ತೆರೆಯುವಷ್ಟರಲ್ಲಿ ಹಾಡುವವನ ಕೈಗೆ ಮೈಕು ಕೊಟ್ಟಿರಿ. ಇಳಿಯುವಾಗ ನಿಮ್ಮ ಗುಮಾಸ್ತ ಒಂದು ರಿಜಿಸ್ಟರು, ಒಂದು ಮಸಿ ಡಬ್ಬಿ ಹಿಡಿದು ನಿಂತಿದ್ದ.

“ಅಜ್ಜಿ, ಶಾಲು ತಗಂಡಿದ್ಕೆ ಇಲ್ಲೊಂದು ಹೆಬ್ಬೆಟ್ಟು ಒತ್ತಿ.”

“ಪೆನ್ನು ಕೊಡಪ್ಪ.”

“ಅಯ್ಯೋ ಬುಡಜ್ಜಿ, ಅವತ್ತೂ ಹೆಬ್ಬೆಟ್ಟೇ ಒತ್ತಿದ್ರಲ್ಲ. ಲಿಸ್ಟಲ್ಲಿ ಅಂಗೇ ಅದೆ.”

“ಯಾವತ್ತಪ್ಪ?”

ಅವನು ರಿಜಿಸ್ಟರು ಮುಚ್ಚಿ, ಮಸಿ ಡಬ್ಬಿ ಎತ್ತಿಕೊಂಡು ವೇದಿಕೆಯ ಹಿಂದಕ್ಕೆ ಹೋದ. ಅವನನ್ನು ಬಯ್ಯಬೇಡಿ. ಲಿಸ್ಟಿನಲ್ಲಿ ನನ್ನ ಹೆಸರಿಗೆ ಹೆಬ್ಬೆಟ್ಟಿದೆ ಎಂದನಲ್ಲ, ನಿಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ಒಂದೇ ನಿಜದ ಮಾತು ಅದು. ನಿಮ್ಮ ಶಾಲನ್ನು ಜಗಲಿ ಇದ್ದ ಮಣ್ಣಿನ ಮೇಲೆ ಹಾಸಿದ್ದೇನೆ. ಬೆಕ್ಕು ಮಲಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನನ್ನ ಕೈಯಲ್ಲೇ ಬರೆದೆ. ಮೂವತ್ತು ದಿನದಲ್ಲಿ ಕೊಡಬೇಕಾದ ಕಾಗದವನ್ನು ಎಪ್ಪತ್ತು ದಿನಕ್ಕೆ ಕೊಟ್ಟಿರಿ. ಹದಿನೇಳನೆಯ ಹಾಳೆ ನೋಡಿ ನನ್ನ ಮಗ ಶಾಕಿರ್ ಅದನ್ನು ಮಡಚಿಟ್ಟು “ಅಮ್ಮೀ, ಬುಟ್ಬುಡಿ. ಇವ್ರ್ ತಾವ ಯಾಕೆ? ಸಿಮೆಂಟಲ್ಲಿ ಎಲ್ಡು ಮೆಟ್ಲು ಕಟ್ಟುಸ್ಕೊಡ್ತೀನಿ” ಅಂದ. “ಮೆಟ್ಲು ಹತ್ತೋಕೆ, ಜಗಲಿ ಕೂರೋಕೆ. ಎಲ್ಡೂ ಒಂದೇ ಅನ್ನೋದಾದ್ರೆ ನೀನೂ ಪುರಸಭೆಗೆ ಸೇರ್ಕೊ ಹೋಗು” ಅಂದೆ.

ಈಗ ಆ ಹೆಬ್ಬೆಟ್ಟಿನ ಬಗ್ಗೆ. ನಿಮ್ಮವರು ಮೋಸ ಮಾಡುವಾಗಲೂ ಸೋಮಾರಿಗಳು. ಊರಿನಲ್ಲಿ ಯಾರ ಹೆಬ್ಬೆಟ್ಟನ್ನು ಬೇಕಾದರೂ ನಕಲು ಮಾಡಬಹುದಿತ್ತು, ನನ್ನದೊಂದನ್ನು ಬಿಟ್ಟು. ಐವತ್ತು ವರ್ಷ ಗಾಜಿನ ಬಳೆ ಹಿಡಿದು ಹಿಡಿದು ನನ್ನ ಹೆಬ್ಬೆರಳುಗಳ ಗೆರೆ ಪೂರಾ ಸವೆದುಹೋಗಿದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಮೂರು ವರ್ಷದಿಂದ ನನ್ನ ಬೆರಳು ಹಿಡಿಯುವುದಿಲ್ಲ. ತಿಂಗಳು ತಿಂಗಳೂ ಮೊಬೈಲಿಗೆ ಬರುವ ಸಂಖ್ಯೆ ಹೇಳಿ ಅಕ್ಕಿ ತರುತ್ತೇನೆ. “ಬೂಬಮ್ಮ, ನಿಮ್ ಬೆರ್ಳಲ್ಲಿ ಗೆರೆಯೇ ಇಲ್ಲ ಕಣಮ್ಮ. ಕಳ್ತನ ಮಾಡುದ್ರೂ ಸಿಗಾಕೊಳಕಿಲ್ಲ ನೀವು” ಎಂದು ಅಲ್ಲಿ ಕೂರುವ ಅಶೋಕ್ ಪ್ರತಿ ಸಲವೂ ನಗುತ್ತಾನೆ. ಸರ್ಕಾರದ ಒಂದು ಯಂತ್ರ ಈ ಹೆಂಗಸಿಗೆ ಹೆಬ್ಬೆಟ್ಟೇ ಇಲ್ಲ ಎಂದು ಮೂವತ್ತಾರು ತಿಂಗಳಿಂದ ಬರೆದುಕೊಳ್ಳುತ್ತಿದೆ. ಸರ್ಕಾರದ ಇನ್ನೊಂದು ಕಚೇರಿಯಲ್ಲಿ ಅದೇ ಹೆಂಗಸಿನ ಹೆಬ್ಬೆಟ್ಟು ಕಡೆದಿಟ್ಟ ಹಾಗೆ ಮೂಡಿದೆ! ಸಹಿ ಕಲಿತವಳಿಗೆ ಹೆಬ್ಬೆಟ್ಟು, ಗೆರೆ ಸವೆದವಳಿಗೆ ಗೆರೆ. ಇಷ್ಟು ಧಾರಾಳವಾಗಿ ಕೊಡುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ಕಡತದಲ್ಲಿರುವುದು ಗಂಡಸಿನ ಹೆಬ್ಬೆರಳು, ಅಗಲ. ಅದರ ಮೇಲೆ ಓರೆಯಾಗಿ ಹಳೆಯ ಗಾಯದ ಗೀರಿದೆ. ವೇದಿಕೆಯ ಮೇಲೆ ಏಳು ಕುರ್ಚಿಗಳಿದ್ದವು. ನನಗೆ ಕೊಡಬೇಕಾದ ಹಣ್ಣಿನ ಬುಟ್ಟಿ ಏಳು ಜನರ ಕೈ ದಾಟಿ ಬಂತು, ಎಲ್ಲರಿಗೂ ಫೋಟೋದಲ್ಲಿ ಇರಬೇಕಿತ್ತಲ್ಲ. ಮುಖ ನೋಡುವುದು ನಿಮ್ಮ ಅಭ್ಯಾಸ, ಕೈ ನೋಡುವುದು ನನ್ನದು. ಆ ಗೀರಿನ ಹೆಬ್ಬೆರಳನ್ನು ನಾನು ಆ ಬುಟ್ಟಿಯ ಅಂಚಿನಲ್ಲಿ ಕಂಡಿದ್ದೇನೆ. ಎಷ್ಟನೆಯ ಕುರ್ಚಿ ಎಂದು ಇಲ್ಲಿ ಬರೆಯುವುದಿಲ್ಲ. ಇವತ್ತಿನಿಂದ ನೀವು ಏಳು ಜನವೂ ಒಬ್ಬರ ಹೆಬ್ಬೆರಳನ್ನು ಇನ್ನೊಬ್ಬರು ನೋಡಿಕೊಳ್ಳುತ್ತ ಟೀ ಕುಡಿಯಿರಿ. ಏಳರಲ್ಲಿ ಆರು ಜನಕ್ಕೆ ಇದು ಅನ್ಯಾಯ ಎನಿಸಬಹುದು. ನನಗೂ ಒಂಬತ್ತು ತಿಂಗಳಿಂದ ಹಾಗೆಯೇ ಅನಿಸುತ್ತಿದೆ.

ಇನ್ನು ಕಲ್ಲು. ಹಬ್ಬದ ನಂತರ ಕಲ್ಲು ತುಂಡಾಗಿ ಕಸಕ್ಕೆ ಹೋಯಿತು ಎಂದು ನಿಮ್ಮ ಕಚೇರಿಯವರು ಹೇಳಿದರು. ಅದು ತುಂಡಾಗಿಲ್ಲ. ನಿಮ್ಮ ಸರ್ಕಾರಿ ವಸತಿಯ ಗೇಟಿನ ಮುಂದೆ ಚರಂಡಿಗೆ ಅಡ್ಡಲಾಗಿ ಮಲಗಿದೆ. ಯಾರು ಹೇಳಿದರು ಎಂದು ಹುಡುಕಿಸಬೇಡಿ. ನಾನೇ ಹೋಗಿ ನೋಡಿ ಬಂದೆ. ಚೌಕಾಬಾರದ ಮನೆ ಮೇಲ್ಮುಖವಾಗಿಯೇ ಇದೆ, ಅದರ ಮೇಲೆ ಟೈರಿನ ಗುರುತು. ಮೂರು ತಾಲ್ಲೂಕಿನ ಹೆಂಗಸರು ಕೂತು ಬಳೆ ತೊಟ್ಟ ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ನಿಮ್ಮ ಕಾರು ಹತ್ತಿ ಇಳಿಯುತ್ತದೆ. ಆ ಸದ್ದು ನಿಮಗೆ ಕೇಳುವುದಿಲ್ಲ. ಒಳಗೆ ಎ.ಸಿ. ಹಾಕಿರುತ್ತೀರಿ.

ಫೆಬ್ರವರಿಯಿಂದ ಇವತ್ತಿನವರೆಗೆ ನನ್ನ ಅಂಗಡಿಯಲ್ಲಿ ನಾನು ಒಬ್ಬರ ಕೈಗೂ ಬಳೆ ತೊಡಿಸಿಲ್ಲ. ಬಳೆ ಕಟ್ಟಿ ಕೊಡುತ್ತೇನೆ, ತೊಡಿಸುವುದಿಲ್ಲ. ಹೊಳಲಿನಿಂದ ಬಂದವರು ಕೈ ಚಾಚಿ ನಿಂತು, ನನ್ನ ಮುಖ ನೋಡಿ, ಹಾಗೇ ಹೋಗುತ್ತಾರೆ. ಹೋದ ವಾರ ಪೂರಿಗಾಲಿಯ ಮಲ್ಲಿಗಮ್ಮ ಬಂದಿದ್ದರು. ಜಗಲಿ ಹೋದ ದಿನ ನಾನು ಬಳೆ ತೊಡಿಸಿದ ಅದೇ ರೂಪಳಿಗೆ ಈಗ ಏಳು ತಿಂಗಳು. ಹಸಿರು ಬಳೆಯ ಶಾಸ್ತ್ರ ಆಗಬೇಕು. ಮದುವೆಯ ಬಳೆಯನ್ನು ಮನೆಗೆ ಹೋಗಿ ತೊಡಿಸಿದರೂ, ಬಸುರಿಯ ಹಸಿರು ಬಳೆಯನ್ನು ಆ ಮನೆಯವರಿಗೆ ಈ ಜಗಲಿಯ ಮೇಲೆ ಕೂರಿಸಿಯೇ ತೊಡಿಸುತ್ತ ಬಂದದ್ದು.

“ಬೂಬಮ್ಮ, ನಿನ್ ಅಟಕ್ಕೆ ನನ್ ಮೊಮ್ಮಗ್ಳನ್ನ ಬರಿಗೈಲಿ ಕೂರುಸ್ಬೇಡ ಕಣವ್ವ.”

“ಕೂರ್ಸ್ಬೇಕು ಅಂತ್ಲೇ ನಾನೂ ಹೇಳ್ತಿರೋದು ಮಲ್ಲಿಗಮ್ಮ. ಎಲ್ಲಿ ಕೂರಿಸ್ಲಿ, ಹೇಳು?”

“ನಿನ್ ಕಲ್ಲೆಲ್ಲದೋ ಅಲ್ಲಿ” ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆದ್ದರಿಂದ ನನ್ನ ಬೇಡಿಕೆ ಇದು. ಬರುವ ಸೋಮವಾರ ಬೆಳಿಗ್ಗೆ ಎಂಟರೊಳಗೆ ಆ ಕಲ್ಲು, ಅದೇ ಕಲ್ಲು, ನನ್ನ ಅಂಗಡಿಯ ಮುಂದೆ ಇದ್ದ ಹಾಗೆ ಕೂರಬೇಕು. ಸಿಮೆಂಟು ಬೇಡ, ಗ್ರಾನೈಟು ಬೇಡ, ಇನ್ನೊಂದು ಅನುದಾನ ತಂದು ಉದ್ಘಾಟನೆ ಮಾಡುವುದೂ ಬೇಡ. ಹದಿನೇಳನೆಯ ಹಾಳೆಯ ಹೆಬ್ಬೆಟ್ಟು ಜೈನಾಬ್ ಬೀಯದಲ್ಲ ಎಂದು ನಿಮ್ಮ ಕೈಯಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಸಹಿ ಬರದಿದ್ದರೆ ಬನ್ನಿ, ಕಲಿಸುತ್ತೇನೆ. ಸೀಮೆಸುಣ್ಣ ಇನ್ನೂ ಇದೆ.

ಎಂಟರೊಳಗೆ ಕಲ್ಲು ಬರದಿದ್ದರೆ ನಾವೇ ಕಲ್ಲಿನ ಹತ್ತಿರ ಬರುತ್ತೇವೆ. ರೂಪಳನ್ನು ನಿಮ್ಮ ಗೇಟಿನ ಮುಂದೆ ಆ ಕಲ್ಲಿನ ಮೇಲೆ ಕೂರಿಸಿ ಹಸಿರು ಬಳೆ ತೊಡಿಸುತ್ತೇನೆ. ಅವಳ ಹಿಂದೆ ಬೆಳ್ಳಮ್ಮ, ಅವಳ ಹಿಂದೆ ಕೊತ್ತತ್ತಿಯವರು, ಹೊಳಲಿನವರು, ಒಂಬತ್ತು ತಿಂಗಳಿಂದ ಕಾದಿರುವ ಎಲ್ಲರೂ. ಎರಡೂ ಕೈಗೆ, ಡಜನ್ನಿನ ಮೇಲೊಂದು ಹೆಚ್ಚು ತೊಡಿಸುವುದು ನಮ್ಮ ಪದ್ಧತಿ. ನನಗೆ ವಯಸ್ಸಾಗಿದೆ, ಕೈ ನಿಧಾನ. ಕಾರು ಹೊರಗೆ ತೆಗೆಯಲು ಅವಸರ ಮಾಡಬೇಡಿ. ಬಸುರಿ ಕೂತಿರುವಾಗ ಹಾರನ್ ಹೊಡೆಯುವ ಧೈರ್ಯವಿದ್ದರೆ ಹೊಡೆಯಿರಿ, ಪತ್ರಿಕೆಯವರಿಗೂ ಬರಲು ಹೇಳಿದ್ದೇನೆ. ಅವತ್ತು ನಿಮ್ಮ ಮೀಟಿಂಗು ಎಷ್ಟು ಹೊತ್ತಿಗೆ ಎಂಬುದನ್ನು ನಾನು ಹೇಳುತ್ತೇನೆ.

ಇಂತಿ,
ನೂರಕ್ಕೆ ಎಪ್ಪತ್ತೊಂಬತ್ತು ತೆಗೆದೂ ನಿಮ್ಮ ಕಡತದಲ್ಲಿ ಹೆಬ್ಬೆಟ್ಟಾಗಿ ಉಳಿದಿರುವ
ಜೈನಾಬ್ ಬೀ (ಸಹಿ)
ಜಗಲಿ ಇಲ್ಲದ ಬಳೆ ಅಂಗಡಿ, ಹಳೇ ಪೇಟೆ ಬೀದಿ

ಸಹಿಯ ಕೆಳಗೆ ನನ್ನ ಎಡಗೈ ಹೆಬ್ಬೆಟ್ಟನ್ನೂ ಒತ್ತಿದ್ದೇನೆ. ಅಚ್ಚಿನಲ್ಲಿ ಅದು ಬರೀ ಕಪ್ಪು ಬೊಟ್ಟಾಗಿ ಕಂಡರೆ ಪತ್ರಿಕೆಯವರ ತಪ್ಪಲ್ಲ. ಅದೇ ನಾನು.