ಹೆಬ್ಬೆರಳಿಟ್ಟು ಎಣಿಸಿದ ನಾಡಿ

ಅಕ್ಕಾ,

ಡ್ಯೂಟಿಯ ನಡುವೆ ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಹೊಸ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯವನೊಬ್ಬ ದಿನಾ ನನ್ನೊಡನೆ ಜಗಳ ತೆಗೆಯುತ್ತಾನೆಂದು ಬರೆದಿದ್ದೆನಲ್ಲ, ಅವನೇ ಅಪೆಂಡಿಕ್ಸ್ ಆಪರೇಷನ್ ಆಗಿ ನಮ್ಮ ವಾರ್ಡಿಗೆ ಬಂದಿದ್ದಾನೆ. ನಿನ್ನೆ ಅವನ ನಾಡಿ ಎಣಿಸಿದೆ. ನೂರಿಪ್ಪತ್ತು! ಡಾಕ್ಟರನ್ನು ಕರೆಯಲು ಓಡಿದೆ. ಹಿರಿಯ ಸಿಸ್ಟರ್ ನನ್ನನ್ನು ತಡೆದು ತಾವೇ ಎಣಿಸಿದರು. ಎಪ್ಪತ್ತೆರಡು.

"ಯಾವ ಬೆರಳಿಟ್ಟೆ?" ಎಂದರು. ಹೆಬ್ಬೆರಳು ತೋರಿಸಿದೆ.

"ಹೆಬ್ಬೆರಳಲ್ಲೂ ನಾಡಿ ಹೊಡ್ಕೊಳ್ಳುತ್ತೆ ಅಂತ ಯಾರೂ ಹೇಳಿಕೊಡ್ಲಿಲ್ವೇನೇ? ನೀನು ಎಣಿಸಿದ್ದು ಅವನದ್ದಲ್ಲ, ನಿನ್ನದೇ ಕಣೇ!"

ವಾರ್ಡೆಲ್ಲ ಘೊಳ್ಳೆಂದಿತು. ಮಲಗಿದಲ್ಲಿಂದಲೇ ಆ ಪುಣ್ಯಾತ್ಮ, "ಸಿಸ್ಟರ್, ಇವರಿಗೂ ಒಂದು ಬೆಡ್ ಕೊಡಿ" ಎಂದ.

ನನಗೆ ನಗು ಬರಲಿಲ್ಲ ಅಕ್ಕಾ. ಜ್ವರವಿಲ್ಲ, ಮೆಟ್ಟಿಲು ಹತ್ತಿ ಬಂದವಳೂ ಅಲ್ಲ. ಆ ಜಗಳಗಂಟನ ಕೈ ಹಿಡಿದರೆ ನನಗೇಕೆ ನೂರಿಪ್ಪತ್ತು?

ನನ್ನ ಆರೋಗ್ಯ ಚೆನ್ನಾಗಿದೆಯೆಂದು ಅಮ್ಮನಿಗೆ ಹೇಳು, ಅವಳು ಕಳಿಸಿದ ಸ್ವೆಟರ್ ಸರಿಯಾಗಿ ಹಿಡಿಸಿತು. ಇದು ಬರೀ ಕಾರ್ಡು, ಅಂಚೆಯಣ್ಣ ಓದಿದರೆ ಓದಲಿ, ನಿನಗೆ ಹೇಳದೆ ಇರಲಾರೆ.

ಇವತ್ತು ಸಿಸ್ಟರ್ ಕಣ್ಣೆದುರೇ ಮೂರು ಬೆರಳಿಟ್ಟು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿದೆ. ನೂರ ಹದಿನೆಂಟು! ಸಿಸ್ಟರ್ ನಂಬದೆ ತಾವು ಹಿಡಿದು ನೋಡಿದರು. ಮೊದಲು ಜೋರಾಗಿಯೇ ಇತ್ತಂತೆ, ಆಮೇಲೆ ಮೆಲ್ಲಗೆ ಎಪ್ಪತ್ತಕ್ಕೆ ಇಳಿಯಿತು. ಅವರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಮೂರು ಹೊತ್ತೂ ವಟಗುಟ್ಟುವವನು ಹೊದಿಕೆ ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ಗಂಟೆ ಹೊಡೆಯಿತು, ಡ್ಯೂಟಿಗೆ ಓಡುತ್ತೇನೆ. ಅಕ್ಕಾ, ಈ ಸಲದ್ದು ನನ್ನದಲ್ಲ!

ನಿನ್ನ ತಂಗಿ