ಸಾಕು ಹುಳು

ಭಾನುವಾರ, ಮಧ್ಯಾಹ್ನದ ಚಹಾ ಆದ ಮೇಲೆ

ನನ್ನ ಮುದ್ದಿನ ಮಗಳೇ,

ಹೊರಡಲು ಬ್ಯಾಗು ಕಟ್ಟಿದ್ದರೆ ಬಿಚ್ಚಿಬಿಡು. ಆಸ್ಪತ್ರೆಯಲ್ಲಿ ರಜೆ ಕೇಳಿದ್ದರೆ ಬೇಡವೆಂದು ಹೇಳು. ನಿನ್ನೆ ನನ್ನ ಪತ್ರ ಸಿಕ್ಕಿ ಗಾಬರಿಯಾಗಿ ಫೋನು ಮಾಡಿದಾಗ, ಎಲ್ಲಿ ನೋವು, ಯಾವಾಗಿನಿಂದ ನೋವು ಎಂದು ರೋಗಿಯನ್ನು ಕೇಳುವ ಹಾಗೆ ಕೇಳಿದೆಯಲ್ಲ, ನಿನ್ನ ಅತ್ತಿಗೆ ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಾ ಕೂತಿದ್ದಳು. ಅದಕ್ಕೇ ಬರಬೇಡ, ಎಲ್ಲ ಬರೆಯುತ್ತೇನೆ ಎಂದೆ. ನಾನು ಚೆನ್ನಾಗಿದ್ದೇನೆ. ಆ ಪತ್ರವನ್ನು ಹರಿದುಹಾಕು. ಬೇಡ, ಹರಿಯಬೇಡ, ಅದರ ಹಿಂಬದಿ ಖಾಲಿ ಇದೆ, ಏನಾದರೂ ಬರೆದುಕೊಳ್ಳಲು ಬರುತ್ತದೆ. ನೋಡು, ಈ ಮನೆಯ ಗಾಳಿ ನನಗೂ ಬಡಿದಿದೆ.

'ಈ ಮನೆಯಲ್ಲಿ ನನ್ನನ್ನು ಹುಳು ಎಂದರು, ಬಂದು ಕರೆದುಕೊಂಡು ಹೋಗು' ಎಂದಷ್ಟೇ ಬರೆದಿದ್ದೆ. ಓದಿದ ಯಾವ ಮಗಳಿಗಾದರೂ ಎದೆ ಒಡೆಯುತ್ತದೆ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ನಿನ್ನ ಅತ್ತಿಗೆಯ ಕೆಲಸ ನಿನಗೆ ಗೊತ್ತಲ್ಲ. ನೀರು ಸರಬರಾಜು ಕಚೇರಿಯಲ್ಲಿ ಕೂತು, ನಗರಕ್ಕೆ ನೀರು ಕೊಡುವ ಕೆರೆ ಇವತ್ತು ಎಷ್ಟು ಇಳಿಯಿತು ಎಂದು ನೋಡುವುದು. ದಿನವಿಡೀ ಇಳಿಯುವ ಕೆರೆ ನೋಡಿ ಬಂದವಳಿಗೆ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕಂಡರೆ ಮೈ ಉರಿಯುತ್ತದೆ. ಈಗ ಅದು ಅರ್ಥವಾಗುತ್ತದೆ, ಬಂದ ಹೊಸತರಲ್ಲಿ ಆಗುತ್ತಿರಲಿಲ್ಲ. ಮನೆ ತುಂಬ ಚೀಟಿಗಳು. ಸ್ನಾನದ ಬಕೆಟ್ಟಿನ ಅರ್ಧಕ್ಕೆ ಒಂದು ಗೆರೆ, ಅದರ ಪಕ್ಕ 'ಸಾಕು'. ಸೋಪಿನ ಪುಡಿಯ ಚಮಚದ ಮೇಲೆ 'ಸಾಕು'. ಫ್ಯಾನಿನ ಗುಂಡಿಯ ಎರಡನೇ ಅಂಕೆಯ ಹತ್ತಿರ 'ಸಾಕು'. ಅನ್ನ ಮಿಕ್ಕಿ ಬಿಸಾಡಬಾರದೆಂದು ಅಕ್ಕಿ ಅಳೆಯುವ ಲೋಟಕ್ಕೂ 'ಸಾಕು'. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಬಾಯಲ್ಲಿ ಹೇಳುತ್ತಿದ್ದೆವು, ಇವಳು ಹಾಸಿಗೆಗೇ ಗೆರೆ ಎಳೆಯುತ್ತಾಳಲ್ಲ ಎಂದು ಒಳಗೊಳಗೇ ಗೊಣಗುತ್ತಿದ್ದೆ. ನಿನ್ನ ಅಣ್ಣನನ್ನಂತೂ ಕೇಳಲೇಬೇಡ. ಕಾರು ಮಾರಿ, ತೋಳಿಗೆ ತೇಪೆ ಹಾಕಿದ ಷರ್ಟು ತೊಟ್ಟು, ಬಸ್ಸು ಹತ್ತಿ ಹೋಗುತ್ತಾನೆ. ಕೇಳಿದರೆ ನಗುತ್ತಾನೆ, ಅಷ್ಟೆ. ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಭಯ ಅವನಿಗೆ ಹುಟ್ಟಿದಾಗಿನಿಂದ ಇದೆ.

ನಾನೋ, ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತಿಯಾದವಳು. ಊರಿಗೆಲ್ಲ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಹೇಳಿದ ಬಾಯಿಗೆ ಚೀಟಿ ಓದಿ ನಡೆದುಕೊಳ್ಳುವುದು ಸುಲಭವೇ? ದಿನವೆಲ್ಲ ನಿಂತ ಸೊಂಟಕ್ಕೆ ಸಂಜೆ ಎರಡು ಬಕೆಟ್ ಬಿಸಿನೀರು ಸುರಿದುಕೊಳ್ಳುವುದು ನಾನು ಕಂಡ ಒಂದೇ ಒಂದು ಸುಖ. ಅದಕ್ಕೇ ಅವಳು ಕೆಲಸಕ್ಕೆ ಹೋದ ಮೇಲೆ ಸ್ನಾನ ಮಾಡುತ್ತಿದ್ದೆ. ಎರಡನೇ ಬಕೆಟ್ ಮುಗಿಸಿ ನೆಲ ಒರೆಸಿ, ಬಕೆಟ್ ಬೋರಲು ಹಾಕಿ, ಏನೂ ಆಗಿಲ್ಲವೆನ್ನುವ ಹಾಗೆ ಕೂತುಬಿಡುತ್ತಿದ್ದೆ. ಮಾರುಕಟ್ಟೆಗೆ ಬಟ್ಟೆಚೀಲ ಒಯ್ಯಲು ಮರೆತರೆ, ಪ್ಲಾಸ್ಟಿಕ್ ಚೀಲವನ್ನು ಮಡಿಸಿ ನನ್ನ ಹಾಸಿಗೆಯ ಅಡಿ ಬಚ್ಚಿಡುತ್ತಿದ್ದೆ. ಒಪ್ಪಿಕೊಂಡೆ, ಮುಂದೆ ಹೋಗೋಣ.

ಆ ದಿನ ಕಣ್ಣಿನ ಡಾಕ್ಟರ ಹತ್ತಿರ ಹೊಸ ಕನ್ನಡಕ ಹಾಕಿಸಿಕೊಂಡು ಬಂದೆ. ಆದ್ದರಿಂದ ಕಣ್ಣು ಸರಿಯಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನನ್ನ ಕೋಣೆಯ ಕಿಟಕಿಯ ಕೆಳಗೆ ಮುಚ್ಚಳವಿದ್ದ ಮರದ ಪೆಟ್ಟಿಗೆ ಒಂದು ಬಂದು ಕೂತಿತ್ತು. ಮೇಲೊಂದು ಚೀಟಿ, ಅವಳದೇ ದುಂಡು ಅಕ್ಷರ: 'ಸಾಕು ಹುಳು'. ಆ ಮನೆಯ ಸಾಕುಗಳನ್ನೆಲ್ಲ ಓದಿ ಪಳಗಿದ ಕಣ್ಣು ಬೇರೆ ಯಾವ ಅರ್ಥಕ್ಕೂ ಹೋಗಲಿಲ್ಲ. 'ಸಾಕು, ಹುಳು' ಎಂದೇ ಓದಿಕೊಂಡೆ. ಅಲ್ಪವಿರಾಮ ನಾನೇ ಹಾಕಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎರಡನೇ ಬಕೆಟ್ಟಿನ ಕಥೆ ಬಯಲಾಯಿತು, ಸಾಮಾನು ತುಂಬಿಕೊಂಡು ಹೊರಡಲಿ ಎಂದು ಪೆಟ್ಟಿಗೆಯನ್ನೂ ತಂದಿಟ್ಟಿದ್ದಾಳೆ ಎಂದುಕೊಂಡೆ. ಚಿಲ್ಲರೆ ಜಗಳದಲ್ಲಿ ಏನೇನೋ ಬೈಸಿಕೊಂಡಿದ್ದೇನೆ ಮಗಳೇ, ಹುಳು ಎಂದು ಯಾರೂ ಅಂದಿರಲಿಲ್ಲ. ಕೂತು ಅತ್ತುಬಿಟ್ಟೆ. ಅತ್ತು ಮುಗಿಸಿ ನಿನಗೆ ಬರೆದೆ.

ಆಮೇಲೆ ನಾನಾಗಿ ಮಾತಾಡಿಸುವುದನ್ನು ಬಿಟ್ಟೆ. ರೋಷಕ್ಕೆ, ಅವಳು ಮನೆಯಲ್ಲಿರುವಾಗಲೇ, ಗೆರೆಗಿಂತ ಎಷ್ಟೋ ಕೆಳಗೆ ನೀರು ಹಿಡಿದು ಸ್ನಾನ ಮಾಡಿದೆ. ಅದನ್ನು ನೋಡಿ ಅವಳಿಗೆ ಬಹಳ ಸಂತೋಷವಾಯಿತು, ನನಗೆ ಇನ್ನಷ್ಟು ಉರಿಯಿತು. ದಿನಾ ಸಂಜೆ ಬಂದು, ಅತ್ತೆ, ಪೆಟ್ಟಿಗೆ ತೆಗೆದು ನೋಡಿದ್ರಾ ಎಂದು ಕೇಳುತ್ತಿದ್ದಳು. ತೆಗೀತೀನಮ್ಮ, ನಿನಗ್ಯಾಕೆ ಅಷ್ಟು ಅವಸರ ಎನ್ನುತ್ತಿದ್ದೆ. ಅವಳ ಮುಖ ಬಾಡುತ್ತಿತ್ತು. ನಟನೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ, ನೀನು ಬರುವಷ್ಟರಲ್ಲಿ ಸಿದ್ಧವಾಗಿರೋಣವೆಂದು ಬಟ್ಟೆಗಳನ್ನು ಮಡಿಸಿ ಮಂಚದ ಮೇಲೆ ಜೋಡಿಸಿದೆ. ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಒದ್ದೆ ಮಣ್ಣು, ಬಾಳೆಹಣ್ಣಿನ ಸಿಪ್ಪೆ, ಅದರ ನಡುವೆ ಕೆಂಪಗೆ ಮಿಸುಕಾಡುವ ಎರೆಹುಳುಗಳ ರಾಶಿ. ನಾನು ಕೂಗಿದ ಕೂಗಿಗೆ ನಿಂತ ಬಸ್ಸು ಹೊರಡಬೇಕಿತ್ತು. ಅವಳು ಬಾಚಣಿಗೆ ಹಿಡಿದುಕೊಂಡೇ ಓಡಿಬಂದಳು. ಮೆಲ್ಲಗೆ ಅತ್ತೆ, ಬೆಳಕು ಬಿದ್ರೆ ಅವಕ್ಕೆ ಆಗಲ್ಲ ಎಂದು ಮೊದಲು ಮುಚ್ಚಳ ಹಾಕಿದಳು. ಸಾಕುನಾಯಿ ಇಲ್ವಾ, ಸಾಕುಬೆಕ್ಕು ಇಲ್ವಾ, ಹಾಗೆ ಇವು ಸಾಕುಹುಳು, ಅಡುಗೆಮನೆ ಸಿಪ್ಪೆಯೆಲ್ಲ ತಿಂದು ಗೊಬ್ಬರ ಮಾಡ್ತವೆ ಎಂದಳು. ದಿನವಿಡೀ ಒಬ್ರೇ ಇರ್ತೀರಿ, ನೋಡ್ಕೊಳ್ಳೋಕೆ ಜೀವ ಇರೋದು ಏನಾದ್ರೂ ಇರ್ಲಿ ಅಂತ ತಂದೆ ಎಂದಳು. ಅಷ್ಟರಲ್ಲಿ ಮಡಿಸಿದ ಬಟ್ಟೆಗಳು ಅವಳ ಕಣ್ಣಿಗೆ ಬಿದ್ದವು.

ನಾನು ಓದಿಕೊಂಡ ರೀತಿಯನ್ನು ಅಲ್ಪವಿರಾಮದ ಸಮೇತ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ನೆಲದ ಮೇಲೆ ಕೂತು ಅಳತೊಡಗಿದಳು. ಬಾಯಲ್ಲಿ ಹೇಳಿದ್ರೆ ಜಗಳ ಆಗುತ್ತೆ, ನೀವು ಹೊರಟೇಬಿಡ್ತೀರಿ ಅನ್ನೋ ಹೆದರಿಕೆಗೇ ಬರೆದು ಅಂಟಿಸ್ತಿದ್ದೆ ಎಂದಳು. ಮಗಳೇ, ಅವಳಿಗೆ ನನ್ನ ಹೆದರಿಕೆ, ನನಗೆ ಅವಳ ಹೆದರಿಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಿದೆಯಲ್ಲ, ಆ ಕೋಣೆಯಲ್ಲಿ ಇಬ್ಬರದೂ ಒಟ್ಟಿಗೇ ಕೆಟ್ಟ ಕಾಲ. ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಆ ಧೈರ್ಯದಲ್ಲಿ ಎರಡನೇ ಬಕೆಟ್ಟಿನ ವಿಷಯವನ್ನೂ ಹೇಳಿದೆ. ಸೊಂಟ ನೋವು ಅಂತ ಒಂದು ಮಾತು ಹೇಳಬಾರದಾ ಎಂದು ನನ್ನನ್ನೇ ಗದರಿದಳು. ಬಕೆಟ್ಟಿನ ಹಳೆಯ ಗೆರೆ ಅಳಿಸಿ ಕಂಠದ ಹತ್ತಿರ ಹೊಸ ಗೆರೆ ಎಳೆದಳು. ಅಷ್ಟರಲ್ಲೇ ಮುಗಿಸುತ್ತಿದ್ದೇನೆ, ಬಟ್ಟೆ ಜಾಲಾಡಿಸಿದ ನೀರಿನಲ್ಲಿ ನೆಲ ಒರೆಸುತ್ತಿದ್ದೇನೆ.

ಈಗ ನನಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಡಬ್ಬ ಹಿಡಿದು ಈ ಅಪಾರ್ಟ್‌ಮೆಂಟಿನ ಒಂದೊಂದೇ ಮಹಡಿ ಇಳಿಯುತ್ತಾ 'ಸಿಪ್ಪೆ, ಸಿಪ್ಪೆ, ಯಾರ್ರೀ ಸಿಪ್ಪೆ' ಎಂದು ಟಿಕೆಟ್ ಕೇಳುವ ದನಿಯಲ್ಲೇ ಕೇಳುತ್ತೇನೆ. ಬಾಗಿಲು ತೆರೆಯದವರು ಇಲ್ಲ. ಹುಳುಗಳು ನಿಂಬೆ ಸಿಪ್ಪೆ ಕಂಡರೆ ಮುಖ ತಿರುಗಿಸುತ್ತವೆ. ಮುಖ ಯಾವ ಕಡೆಗಿದೆ ಎಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ. ನೀನು ರಜೆ ಸಿಕ್ಕಾಗ ಬಾ, ಕರೆದುಕೊಂಡು ಹೋಗಲು ಅಲ್ಲ, ಸುಮ್ಮನೆ ಇದ್ದು ಹೋಗಲು.

ಇಬ್ಬರು ಮಕ್ಕಳನ್ನು ಸಾಕಿ, ಈಗ ಹುಳು ಸಾಕುತ್ತಿರುವ,
ನಿನ್ನ ಅಮ್ಮ

ಸಹಿ ಹಾಕಿದ ಮೇಲೆ ನೆನಪಾದದ್ದು: ನನ್ನ ಬಾಡಿಗೆ ಮನೆ ಹಾಗೇ ಇದೆ, ಬೇಸರವಾದ ದಿನ ಹೊರಟುಬಿಡುತ್ತೇನೆ ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು. ಕಟ್ಟಡ ಕೆಡವುತ್ತೇವೆಂದು ಬಿಡಿಸಿಕೊಂಡರು, ಅದಕ್ಕೇ ಇಲ್ಲಿಗೆ ಬಂದದ್ದು. ನೆಲೆಯಿಲ್ಲದೆ ಬಂದಳು ಎನ್ನಿಸಿಕೊಳ್ಳಲು ನಾಚಿಕೆಯಾಗಿತ್ತು. ನಿನ್ನ ಹಾಸ್ಟೆಲಿನ ಕೋಣೆಯಲ್ಲಿ ಒಂದೇ ಮಂಚ ಎಂದು ಗೊತ್ತಿದ್ದೂ ನಿನ್ನನ್ನು ಕರೆದೆ, ಬೇರೆ ದಾರಿಯಿರಲಿಲ್ಲ. ಇದನ್ನು ನಿನ್ನ ಅತ್ತಿಗೆಗೂ ಹೇಳಿದೆ. ಅವಳು ಪೆಟ್ಟಿಗೆಯ ಮಣ್ಣಿಗೆ ನೀರು ಚಿಮುಕಿಸುತ್ತಿದ್ದಳು, ತಲೆ ಎತ್ತಲಿಲ್ಲ. ಬಂದ ದಿನವೇ ಗೊತ್ತಾಯ್ತು ಅತ್ತೆ, ನಾಲ್ಕು ದಿನ ಇದ್ದು ಹೋಗೋರು ಯಾರೂ ತಮ್ಮ ಮನೆ ಕಾಲೊರಸು ತರಲ್ಲ ಎಂದಳು.