ಗುರುವಾರದ ಅಂಜೂರ

ಜೂನ್ 18, ಭಾನುವಾರ

ಬೆಳಗಿನಿಂದ ಪೋಣಿಸಿದ್ದೇ ಪೋಣಿಸಿದ್ದು. ಗಂಡು ಅಂಜೂರದ ಕಾಯಿ ಐದೈದು ಸೇರಿಸಿ ಒಂದು ಸರ. ಹೆಣ್ಣು ಮರಕ್ಕೆ ಎರಡೆರಡು ಸರ. ಗಂಡು ಕಾಯಿಯೊಳಗಿನ ಹುಳ ಪರಾಗ ಹೊತ್ತು ತರುತ್ತದೆ; ಕಟ್ಟದಿದ್ದರೆ ಫಸಲು ಉದುರಿ ಹೋಗುತ್ತದೆ. ಅಪ್ಪನ ಅಕ್ಕ ಮಬ್ರೂಕಾ ಅತ್ತೆಗೆ ಎಪ್ಪತ್ತಾದರೂ ಏಣಿ ಬಿಟ್ಟಿಳಿಯಳು. ಮೇಲಿಂದಲೇ ನನ್ನತ್ತ ಕೂಗಿದಳು, “ಗಂಡು ಅಂದ್ರೆ ಹಿಂಗಿರ್ಬೇಕು ಕಣೇ ನಜೀಹಾ! ಬಾಯಿ ಮುಚ್ಕೊಂಡು ನೇತಾಡ್ಬೇಕು, ಕೆಲಸ ಆಗ್ಬೇಕು!” ಕೆಳಗಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಲೇ ಫೋನ್ ಟಿಂಗ್ ಎಂದಿತು. ಫ್ರಾನ್ಸಿನ ಮಾರ್ಸೇಯ ಹಣ್ಣಿನ ವ್ಯಾಪಾರಿ! ನಮ್ಮೂರು ಜೆಬ್ಬಾದ ತಾಜಾ ಅಂಜೂರ ನಲವತ್ತು ಪೆಟ್ಟಿಗೆ, ಸ್ಯಾಂಪಲ್. ಆಗಸ್ಟ್‌ನಲ್ಲಿ. ವಿಮಾನದಲ್ಲಿ! ಹಿಡಿಸಿದರೆ ಸೀಸನ್ ಪೂರ್ತಿ, ವಾರ ವಾರ. ಮೂರು ಸಲ ಓದಿದೆ. ಯಾರ್ಯಾರಿಗೆ ಹೇಳಿದೆನೋ ನೆನಪಿಲ್ಲ. ಎಲ್ಲರಿಗೂ. ಕತ್ತೆಗೂ.

ಜುಲೈ 29, ಶನಿವಾರ

ರಾಜಧಾನಿ ಟ್ಯೂನಿಸ್‌ನಿಂದ ದಲ್ಲಾಳಿ ಬಂದಿದ್ದ. ಪ್ರತಿ ವರ್ಷ ತೋಟಕ್ಕೆ ತೋಟವನ್ನೇ ಎತ್ತಿಕೊಂಡು ಹೋಗುವವನು. ಈ ಸಲ ಇಲ್ಲ ಎಂದೆ.

“ಮಾರ್ಸೇನಾ? ಅಂಜೂರ ಅಂದ್ರೆ ಮೂರು ದಿನದ ಸುಖ ತಾಯಿ. ಕೊಳೆತ್ಮೇಲೆ ನನ್ ಹತ್ರಾನೇ ಬರ್ತೀರ. ಆಗ ನಾನು ಹೇಳಿದ್ದೇ ರೇಟು.”

ನಮ್ಮ ಅಂಜೂರ ಬೆಳೆಗಾರರ ಸಂಘದ ಹದಿನಾಲ್ಕು ಹೆಂಗಸರೂ ನನ್ನ ಮುಖ ನೋಡಿದರು. ಅವನಿಗೆ ಮಾರುವುದನ್ನು ಬಿಡಿಸಿದವಳು ನಾನೇ ತಾನೇ. ಹೆದರಬೇಡಿ ಎಂದೆ. ಹೆದರಿದ್ದು ನಾನು.

ಆಗಸ್ಟ್ 6, ಭಾನುವಾರ

ಟ್ರೇನಿಂಗ್ ಕೊಟ್ಟೆ. ಕೃಷಿ ಡಿಪ್ಲೊಮಾ ಮಾಡಿದ್ದು ಇಂಥ ದಿನಕ್ಕಲ್ಲದೆ ಇನ್ನೇನಕ್ಕೆ! ಗಟ್ಟಿ ಇರುವುದನ್ನೇ ಕೀಳಬೇಕು. ಒತ್ತಿದರೆ ಬೆರಳು ಇಳಿಯಬಾರದು. ತೊಟ್ಟು ಇರಲೇಬೇಕು.

ಅತ್ತೆ ಒಂದನ್ನು ಕಚ್ಚಿ ಉಗಿದಳು. “ಥೂ! ಕತ್ತೆಗೆ ಹಾಕಿದ್ರೂ ಮೂತಿ ತಿರುಗಿಸುತ್ತೆ. ಮನೆಗೆ ಬಂದೋರಿಗೆ ಕಾಯಿ ಕೊಟ್ಟೋರುಂಟಾ ನಮ್ಮೂರಲ್ಲಿ?”

“ಅವ್ರು ಮನೆಗೆ ಬಂದೋರಲ್ಲ ಅತ್ತೆ. ಕಸ್ಟಮರ್.”

“ತಿನ್ನೋದು ಬಾಯಲ್ಲೇ ತಾನೆ? ಯಾವತ್ತು ತಿಂತಾರೆ, ಅದ್ಹೇಳು.”

“ಗುರುವಾರ ಅಂಗಡಿಗೆ ಬರುತ್ತೆ. ನೀನು ಸುಮ್ನಿರು.”

ಸುಮ್ಮನಾದಳು. ಅದೂ ಇಷ್ಟು ಬೇಗ! ಆಶ್ಚರ್ಯ.

ಆಗಸ್ಟ್ 7, ಸೋಮವಾರ, ಬೆಳಗ್ಗೆ 11

ಹೊರಟಿತು! ನಲವತ್ತಕ್ಕೆ ನಲವತ್ತು! ಅತ್ತೆಯ ಮಗ ತಿಜಾನಿ ಗಾಡಿಯನ್ನು ತೊಳೆದು, ಕನ್ನಡಿಗೆ ಮಲ್ಲಿಗೆ ಕಟ್ಟಿಕೊಂಡು ಬಂದಿದ್ದ. ಮದುವೆ ದಿಬ್ಬಣಕ್ಕೆ ಹಾಕುವಂತೆ ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕಿದರು. ನಾನೂ. ಗಂಟಲು ಕಟ್ಟಿದೆ.

ಅದೇ ದಿನ, ಸಂಜೆ 4

ಅಯ್ಯೋ. ಶೆಡ್ಡು ಗುಡಿಸುತ್ತಿದ್ದೆ. ಬಾಗಿಲ ಹಿಂದೆ ಎರಡು ಬುಟ್ಟಿ, ಮೇಲೆ ಎಲೆ ಮುಚ್ಚಿದೆ. ತೆಗೆದರೆ ಗಟ್ಟಿ ಅಂಜೂರ. ನಾನೇ ಆರಿಸಿಟ್ಟಿದ್ದು! ಅತ್ತೆಯನ್ನು ಕರೆದೆ. ಒಂದಿಷ್ಟೂ ಅಳುಕಿಲ್ಲ.

“ನಾಲ್ಕು ಪೆಟ್ಟಿಗೆ ಬದಲಾಯಿಸ್ದೆ. ಗುರುವಾರ ತಿಂತಾರೆ ಅಂದ್ಯಲ್ಲ, ಗುರುವಾರದ ಹಣ್ಣಿಟ್ಟೆ.”

“ಗುರುವಾರದ ಹಣ್ಣು ಅಂದ್ರೇನು ಅತ್ತೆ!”

“ಗುರುವಾರಕ್ಕೆ ಹಣ್ಣಾಗೋದು. ಇನ್ನೇನು, ಶುಕ್ರವಾರಕ್ಕಾ?”

 ನಾಲ್ಕು ಒಡೆದು ರಸ ಇಳಿದರೆ ನಲವತ್ತೂ ಹಾಳು. ವಿಮಾನ ನಿಲ್ದಾಣದಲ್ಲಿದ್ದ ತಿಜಾನಿಗೆ ಫೋನ್ ಹಚ್ಚಿದೆ.

“ಸೀಲ್ ಹಾಕೋಕೆ ಹತ್ತು ನಿಮಿಷ ಇದೆ. ಯಾವ ನಾಲ್ಕು?”

“ಎಲೆ ಮಗುಚಿ ಹಾಸಿರೋವು,” ಅತ್ತೆ ಪಕ್ಕದಿಂದ ತಾನಾಗಿಯೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ತಾಯಿ ಹೋದ್ಮೇಲೆ ನಿಂಗೆ ಹಣ್ಣು ತಿನ್ನಿಸಿ ಬೆಳೆಸಿದ್ದು ಯಾರೇ? ಒಂದಿನ ಹೊಟ್ಟೆನೋವು ಬಂದಿತ್ತಾ?”

“ತೆಗೀಲಾ, ಬಿಡ್ಲಾ? ಬೇಗ!” ತಿಜಾನಿ ಕಿರುಚುತ್ತಿದ್ದ.

ಬಿಡು ಎಂದೆ. ಯಾಕೆ ಹಾಗೆಂದೆನೋ!

ಆಗಸ್ಟ್ 10, ಗುರುವಾರ, ಮಧ್ಯಾಹ್ನ 1

 ಎರಡು ದಿನ ಬರೆಯಲು ಕೂತರೂ ಆಗಿರಲಿಲ್ಲ. ಈಗ ಮಾರ್ಸೇಯಿಂದ ಫೋನ್ ಬಂದಿತ್ತು.

“ಮೂವತ್ತಾರು ಪೆಟ್ಟಿಗೆ ನೋಡೋಕೆ ಚಂದ ಮೇಡಂ. ತಿಂದ್ರೆ ಹುಲ್ಲು. ಜಾಮ್ ಮಾಡೋರಿಗೆ ಕೊಟ್ಬಿಟ್ಟೆ.”

 ನನ್ನ ಮೂವತ್ತಾರು. ನನ್ನ ಡಿಪ್ಲೊಮಾ. ದಲ್ಲಾಳಿಯ ನಗು ಕಿವಿಯಲ್ಲೇ ಕೇಳಿಸಿತು.

“ಆದ್ರೆ ಆ ನಾಲ್ಕು — ಏನದು? ಮುಚ್ಚಳ ತೆಗೆದಿದ್ದೇ ತಡ, ಅಂಗಡಿಯೆಲ್ಲಾ ಘಮ್ಮಂತು! ಒಂದೂ ಒಡೆದಿಲ್ಲ. ಊಟದ ಹೊತ್ತಿಗೆ ಖಾಲಿ. ಮುಂದಿನ ಗುರುವಾರಕ್ಕೆ ಇನ್ನೂರು ಕಳ್ಸಿ. ಅಂಥವೇ. ಹುಲ್ಲು ಬಂದ್ರೆ ಅಲ್ಲಿಗೆ ಮುಗೀತು, ಈಗ್ಲೇ ಹೇಳಿದೀನಿ.”

ಇನ್ನೂರು! ಕೂಗುತ್ತಲೇ ಓಡಿದೆ. ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವಳ ನೆತ್ತಿಗೆ ಮುತ್ತಿಟ್ಟೆ, ಕ್ಷಮಿಸು ಎಂದೆ, ಅಳುತ್ತಲೇ ನಕ್ಕೆ. ಅವಳು ಕೇಳಿದ್ದು ಒಂದೇ.

“ಯಾವತ್ತು ತಿಂತಾರಂತೆ?”

“ಗುರುವಾರ.”

“ಇನ್ನೂರು ಪೆಟ್ಟಿಗೆಗೆ ನನ್ನೊಂದು ಹೆಬ್ಬೆರಳು ಸಾಲಲ್ಲ ಕಣೇ.”

ಆಗಸ್ಟ್ 13, ಭಾನುವಾರ

ಮೂರು ದಿನದಿಂದ ಮರದಡಿ ಅತ್ತೆಯ ಶಾಲೆ. ಹದಿನಾಲ್ಕು ಹೆಂಗಸರು, ಜೊತೆಗೆ ನಾನು. ಕಣ್ಣು ಮುಚ್ಚಬೇಕು, ತೊಟ್ಟಿನ ಕೆಳಗೆ ಹೆಬ್ಬೆರಳಿಡಬೇಕು, ಯಾವ ದಿನದ್ದು ಹೇಳಬೇಕು. ಎಂಟು ಜನಕ್ಕೆ ಹಿಡಿತ ಸಿಕ್ಕಿದೆ. ನನಗೆ ಇಲ್ಲ. ಇವತ್ತು ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು.

“ಓದಿ ಓದಿ ಬೆರಳು ಜಡ್ಡುಗಟ್ಟಿದೆ ಇವ್ಳಿಗೆ,” ಎಂದಳು ಅತ್ತೆ. ಎಲ್ಲರೂ ನಕ್ಕರು. ನಗಲಿ. ನಾಳೆ ಇನ್ನೂರು.

ಆಗಸ್ಟ್ 14, ಸೋಮವಾರ, ಬೆಳಗ್ಗೆ 7

ನೂರಾ ಮೂವತ್ತು ತುಂಬಿದೆ! ತಿಜಾನಿ ಹಾರ್ನ್ ಹೊಡೆಯುತ್ತಿದ್ದಾನೆ. ಎರಡೇ ಸಾಲು ಬರೆದು ಓಡುತ್ತೇನೆ.

ಈಗಷ್ಟೇ ಅತ್ತೆ ಕೈಗೊಂದು ಹಣ್ಣು ಇಟ್ಟಳು. ಹೇಳು ಎಂದಳು. ಕಣ್ಣು ಮುಚ್ಚಿ ಹೆಬ್ಬೆರಳಿಟ್ಟೆ. ಒಳಗೆ ಏನೋ, ತೀರಾ ಸಣ್ಣಗೆ, ಬಿಟ್ಟುಕೊಟ್ಟಂತಾಯಿತು. “ಗುರುವಾರ?” ಎಂದೆ.  ಅತ್ತೆ ಹಣ್ಣನ್ನು ಕಸಿದುಕೊಂಡು ನೇರ ಪೆಟ್ಟಿಗೆಯೊಳಗೆ ಇಟ್ಟಳು. ಮುಂದಿನದನ್ನು ಕೈಗೆ ಕೊಟ್ಟಳು.

ಪೆಟ್ಟಿಗೆಯೊಳಗೆ! ನನ್ನದು! ಗುರುವಾರ ಮಾರ್ಸೇಯಲ್ಲಿ ಯಾರೋ ಅದನ್ನು ಬಾಯಿಗಿಟ್ಟಾಗ — ಬಂದೆ ಅತ್ತೆ, ಬಂದೆ